ಹೆದೆ ಇಳಿಸದ ಬಿಲ್ಲು

ಐವತ್ತು ದಾಟಿದ ಗಂಡಸಿಗೆ ಡಾಕ್ಟರು ವಾಕಿಂಗ್ ಹೇಳುತ್ತಾರೆ, ಹೆಂಡತಿ ಸಕ್ಕರೆ ಬಿಡಿ ಅನ್ನುತ್ತಾಳೆ. ನಮ್ಮಂಥ ಇಪ್ಪತ್ತೆಂಟರವರ ಕಥೆ ಇನ್ನೂ ಚೆಂದ: ಜಿಮ್ಮಿಗೆ ವರ್ಷಪೂರ್ತಿ ಕಟ್ಟಿ, ಒಂದು ವಾರ ಹೋಗಿ, ಕನ್ನಡಿಯ ಮುಂದೆ ತೋಳು ಮಡಚಿ ಫೋಟೊ ತೆಗೆದುಕೊಂಡು, ಆಮೇಲೆ ಆ ರಸ್ತೆಯಲ್ಲೇ ಓಡಾಡುವುದಿಲ್ಲ. ಪರಮಾನಂದ ಐವತ್ತಮೂರರಲ್ಲಿ ಬಿಲ್ಲು ಹಿಡಿದ. ಹಿಡಿದವನು ಬಿಡಲಿಲ್ಲ.

ಅವನು ಸುರಪುರದ ಕಡೆಯವನು. ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ತಗಡು ಒತ್ತುವ ಕೆಲಸ. ಬಾಗಲಗುಂಟೆಯಲ್ಲಿ ಶ್ಯಾಮಣ್ಣನವರ ಕಟ್ಟಡದ ತುತ್ತತುದಿಯ ಶೀಟಿನ ಮನೆಯಲ್ಲಿ ಹೆಂಡತಿ ದೇವಕ್ಕನ ಜೊತೆ ವಾಸ. ಶ್ಯಾಮಣ್ಣ ಈ ಊರಿನ ಮೂಲದವರು. ಅವರಪ್ಪ ರಾಗಿ ಬೆಳೆದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದು ನಿಂತಿವೆ. ಎರಡು ಗೋಡೌನುಗಳ ನಡುವೆ ಒಂದು ಉದ್ದನೆಯ ತುಂಡು ಜಾಗವನ್ನು ಮಾತ್ರ ಅವರು ಯಾವ ಬಿಲ್ಡರಿಗೂ ಕೊಡದೆ ಉಳಿಸಿಕೊಂಡಿದ್ದರು. ಅರವತ್ತರ ಹೊಸ್ತಿಲಲ್ಲಿ ಅವರಿಗೆ ಬಿಲ್ಲಿನ ಹುಚ್ಚು ಹತ್ತಿತು. ಜಾಗದ ಆ ತುದಿಯಲ್ಲಿ ಒಣಹುಲ್ಲಿನ ಪಿಂಡಿಗಳನ್ನು ಬಿಗಿದು ಗುರಿ ನಿಲ್ಲಿಸಿದರು. ತುದಿಗಳು ಹೊರಕ್ಕೆ ಬಳುಕಿದ ನಾಲ್ಕಾರು ರಿಕರ್ವ್ ಬಿಲ್ಲುಗಳು ಬಂದವರು ಕಲಿಯಲಿಕ್ಕೆ. ಆಳೆತ್ತರದ ಒಂದೇ ಒಂದು ಮರದ ಲಾಂಗ್‌ಬೋ, ಅದು ಶ್ಯಾಮಣ್ಣನವರದು. ಬೇರೆಯವರು ಮುಟ್ಟುವ ಹಾಗಿರಲಿಲ್ಲ.

ಪರಮಾನಂದ ಮೊದಲು ಅಲ್ಲಿಗೆ ಹೋದದ್ದು ಮನೆ ಸೋರುತ್ತದೆ ಎಂದು ಹೇಳಲಿಕ್ಕೆ.

"ಸೋರೋದು ಇದ್ದಿದ್ದೇ. ಬಾ, ಒಂದ್ಸಲ ಎಳಿ," ಎಂದು ಶ್ಯಾಮಣ್ಣ ಒಂದು ರಿಕರ್ವ್ ಬಿಲ್ಲನ್ನು ಕೈಗೆ ತುರುಕಿದರು.

ಮೊದಲ ಬಾಣ ಗೋಡೌನಿನ ಗೋಡೆಗೆ ಬಡಿದು ಮೂತಿ ಮುರಿದುಕೊಂಡಿತು. ಎರಡನೆಯದು ಎಲ್ಲಿ ಹೋಯಿತೋ ಯಾರಿಗೂ ಕಾಣಲಿಲ್ಲ. ಮೂರನೆಯದು ಹುಲ್ಲಿಗೆ ನೆಟ್ಟು 'ಟುಪ್' ಎಂದಿತು. ದಿನವಿಡೀ ಪ್ರೆಸ್ಸಿನ ಧಡ್ ಧಡ್ ಕೇಳಿ ದಪ್ಪಗಾಗಿದ್ದ ಅವನ ಕಿವಿಗೆ ಆ ಸಣ್ಣ ಸದ್ದು ಸ್ಪಷ್ಟವಾಗಿ ಕೇಳಿಸಿತು. ಎಳೆಯುವಾಗ ಬೆನ್ನು ಬಿಗಿಯುತ್ತಿತ್ತು, ಬಿಟ್ಟಾಗ ತಲೆಯೊಳಗಿನದೆಲ್ಲ ಬಾಣದ ಜೊತೆ ಹೋದಂತಾಗುತ್ತಿತ್ತು. ಸೋರುವ ವಿಷಯ ಮರೆತೇ ಮನೆಗೆ ಬಂದ. ದೇವಕ್ಕ ಬಕೆಟ್ಟು ಇಡುತ್ತ, "ಹೇಳಿದ್ರೇನು?" ಎಂದಳು. "ಬಾಣ ಹೊಡದ್ ಬಂದೆ" ಎಂದ. ಅವಳು ಇನ್ನೊಂದು ಬಕೆಟ್ಟು ತಂದು ಅವನ ಹಾಸಿಗೆಯ ಮೇಲೇ ಇಟ್ಟಳು.

ಎರಡು ವರ್ಷ ಹೀಗೆ ಸುಖವಾಗಿ ಕಳೆಯಿತು. ಆಮೇಲೆ ಶ್ಯಾಮಣ್ಣನವರಿಗೆ ಲಕ್ವ ಹೊಡೆದು ಬಲಗೈ ಸೋತಿತು. ಆಸ್ಪತ್ರೆಯಿಂದ ಬಂದವರು ಪರಮಾನಂದನನ್ನು ಕರೆಸಿ ಲಾಂಗ್‌ಬೋ ಕೊಟ್ಟರು.

"ಮೂಲೇಲಿಟ್ರೆ ಗೆದ್ಲು ತಿಂತದೆ. ನೀನು ಎಳೀತಿರು. ನನ್ ಕೈ ಸರಿಹೋದ್ ದಿನ ಇಸ್ಕೊತೀನಿ. ಒಂದೇ ಮಾತು ಕಣೋ, ಹೊಡ್ದಾದ್ಮೇಲೆ ಹೆದೆ ಇಳ್ಸು. ದಾರ ಬಿಗಿದಂಗೇ ಬಿಟ್ರೆ ಮರ ಅಂಗೇ ಬಗ್ಗೋಯ್ತದೆ."

ಪರಮಾನಂದ ಒಂದು ದಿನವೂ ತಪ್ಪಲಿಲ್ಲ. ತಪ್ಪಿದ್ದು ಆಯುಧಪೂಜೆಯ ದಿನ, ಅದೂ ಭಕ್ತಿಯಿಂದ.

ಪ್ರೆಸ್ ಶಾಪಿನಲ್ಲಿ ಒಂದು ರೂಢಿ ಇದೆ. ಪೂಜೆಯ ದಿನ ಮಷಿನ್ನಿಗೆ ತಗಡಿನ ಆಕಾರದ ಅಚ್ಚು, ಅಂದರೆ ಡೈ, ಕೂರಿಸಿ, ಕೆಲಸಕ್ಕೆ ತಯಾರಾಗಿಟ್ಟೇ ಕುಂಕುಮ ಹಚ್ಚಬೇಕು. ಮರುದಿನ ಬೆಳಗ್ಗೆ ಒಂದು ತಗಡು ಒತ್ತಿದ ಮೇಲೇ ಪೂಜೆ ಮುಗಿದಂತೆ. ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಬಿಚ್ಚಿಟ್ಟ ಮಷಿನ್ನಿಗೆ ಪೂಜೆ ಮಾಡುವುದೆಂದರೆ ಹೆಣಕ್ಕೆ ಹಾರ ಹಾಕಿದಂತೆ ಎಂದು ಅಲ್ಲಿಯವರ ನಂಬಿಕೆ. ಪರಮಾನಂದ ಮನೆಯಲ್ಲೂ ಅದನ್ನೇ ಪಾಲಿಸಿದ. ಬಿಲ್ಲಿಗೆ ಹೆದೆ ಏರಿಸಿ ಗೋಡೆಗೆ ಒರಗಿಸಿ, ಚೆಂಡುಹೂವು ಮುಡಿಸಿ ಕೈಮುಗಿದ. ಬೆಳಗ್ಗೆ ಒಂದು ಬಾಣ ಬಿಟ್ಟು ಹೆದೆ ಇಳಿಸುವುದೆಂದು ಲೆಕ್ಕ.

ಮಧ್ಯಾಹ್ನ ಊರಿನಿಂದ ಫೋನು ಬಂತು. ಚಿಕ್ಕಪ್ಪ ತೀರಿಕೊಂಡಿದ್ದರು. ಚೀಲ ಹೆಗಲಿಗೆ ಹಾಕಿಕೊಂಡು ಹೊರಡುವಾಗ ಅವನ ಕೈ ಬಿಲ್ಲಿನ ಕಡೆ ಹೋಯಿತು.

"ಸೂತಕದಾಗ ಪೂಜಿ ಮಾಡಿದ್ದನ್ನ ಮುಟ್ತಾರೇನ್ರಿ?" ಎಂದಳು ದೇವಕ್ಕ.

"ಹೆದಿ ಒಂದ್ ಇಳಸ್ತೀನಿ, ಅಷ್ಟ."

"ಬಂದ್ ಮ್ಯಾಲ ಇಳಸ್ರಿ. ಕಟಗಿ ಅದು, ಎಲ್ಲಿ ಓಡಿ ಹೋಗ್ತದ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಹದಿಮೂರನೆಯ ದಿನದ ತಿಥಿ ಮುಗಿಸಿ ಇಬ್ಬರೂ ವಾಪಸು ಬಂದು ಬೀಗ ತೆಗೆದಾಗ, ಮುಚ್ಚಿದ್ದ ಶೀಟಿನ ಮನೆ ರೊಟ್ಟಿ ಹಂಚಿನ ಹಾಗೆ ಕಾದಿತ್ತು. ಹೂವು ಒಣಗಿ ಪುಡಿಯಾಗಿತ್ತು. ಹೆದೆ ಇಳಿಸಿದ, ಬಿಲ್ಲು ನೆಟ್ಟಗಾಗಲಿಲ್ಲ, ಕುಡುಗೋಲಿನ ಹಾಗೆ ಬಾಗಿಯೇ ಉಳಿಯಿತು. ಮತ್ತೆ ಏರಿಸಿ ಎಳೆದ. ಮೊದಲೆಲ್ಲ ಭುಜ ನಡುಗಿಸುತ್ತಿದ್ದದ್ದು ಈಗ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಸಲೀಸಾಗಿ ಬಂತು. ಹಿಡಿಯ ಮೇಲ್ಗಡೆ, ಒಳಮೈಯಲ್ಲಿ, ಹೆಬ್ಬೆರಳಿಗೆ ಕೂದಲೆಳೆಯಂಥದೊಂದು ಬಿರುಕು ತಾಕಿತು.

ನೆಟ್ಟಗಾದೀತೆಂದು ಬಿಲ್ಲಿನ ಮೇಲೆ ಇಟ್ಟಿಗೆ ಹೇರಿ ನೋಡಿದ. ಬುದ್ಧಿ ಕೆಟ್ಟಾಗ ಮನುಷ್ಯ ಮಾಡುವ ಕೆಲಸ. ಜಾಗದ ಕಡೆ ಹೋಗುವುದನ್ನೇ ಬಿಟ್ಟ. ಕೇಳಿದವರಿಗೆ ಭುಜ ನೋವು ಎಂದ. ಸುಳ್ಳು ಹೇಳುತ್ತ ಹೇಳುತ್ತ ಭುಜ ನಿಜವಾಗಿಯೂ ನೋಯತೊಡಗಿತು.

ದೀಪಾವಳಿ ಕಳೆದ ಮೇಲೆ ಶ್ಯಾಮಣ್ಣನವರ ಫೋನು. "ಬೆರಳು ಆಡ್ತಾವೆ ಕಣೋ. ಭಾನುವಾರ ಜಾಗಕ್ಕೆ ಬರ್ತೀನಿ. ಬಿಲ್ಲು ತಗೊಂಡ್ ಬಾ."

ಹೇಳಬೇಕಾದ ಮಾತನ್ನು ಪರಮಾನಂದ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಅಲ್ಲಿ ಶ್ಯಾಮಣ್ಣನವರ ಹೆಂಡತಿ ಚಿಕ್ಕಮುನಿಯಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಶ್ಯಾಮಣ್ಣ ಊರುಗೋಲು ಬಿಟ್ಟು ನಿಂತಿದ್ದರು.

"ಹೆದೆ ಏರ್ಸಿ ಕೊಡು."

"ಅಣ್ಣಾರ, ಒಂದ್ ಮಾತು..."

"ಮಾತು ಆಮೇಲೆ. ಕೊಡು."

ಕೊಟ್ಟ. ಬಟ್ಟೆ ಸುತ್ತಿ ತಂದಿದ್ದನ್ನು ಬೆನ್ನು ತಿರುಗಿಸಿ ಬಿಚ್ಚಿ ಏರಿಸಿದ್ದ; ಏರಿದ ಹೆದೆಯಲ್ಲಿ ಬಿಲ್ಲಿನ ಸೊಟ್ಟ ಕಾಣುತ್ತಿರಲಿಲ್ಲ. ಶ್ಯಾಮಣ್ಣ ಎರಡು ಸಲ ಉಸಿರು ತೆಗೆದುಕೊಂಡು ನಿಧಾನವಾಗಿ ಎಳೆದರು. ಹೆದೆ ಅವರ ಕೆನ್ನೆಯವರೆಗೆ ಬಂತು. ಅಲ್ಲೇ ಹಿಡಿದು ನಿಂತರು. ಮೆಲ್ಲಗೆ ಮುಂದಕ್ಕೆ ಬಿಟ್ಟು ಹೆಂಡತಿಯ ಕಡೆ ತಿರುಗಿದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ, ಅಷ್ಟು ಖುಷಿ.

"ನೋಡಿದ್ಯೇನೇ? ಆ ಡಾಕ್ಟ್ರು ಈ ಜನ್ಮಕ್ಕೆ ಕೊಡ ಎತ್ತಲ್ಲ ಅಂದ. ಬಿಲ್ಲು ಎಳ್ದೆ."

ಚಿಕ್ಕಮುನಿಯಮ್ಮ ಕೂತಲ್ಲೇ ಎರಡೂ ಕೈ ಎತ್ತಿ ಮೇಲಕ್ಕೆ ಮುಗಿದರು.

ಸುಮ್ಮನಿದ್ದುಬಿಡಬಹುದಿತ್ತು. ನಮ್ಮಂಥವರಾದರೆ ಸುಮ್ಮನಿದ್ದು, ಜೊತೆಗೆ ಒಂದು ಸೆಲ್ಫಿಯನ್ನೂ ತೆಗೆದುಕೊಳ್ಳುತ್ತಿದ್ದೆವು. ಪರಮಾನಂದನೂ ಸುಮ್ಮನೇ ಇದ್ದ. ಶ್ಯಾಮಣ್ಣ ಬಾಣ ಹೂಡಿ ಬಿಟ್ಟರು. ಅದು ಅರ್ಧ ದಾರಿಗೇ ಸುಸ್ತಾಗಿ ಮಣ್ಣಿಗೆ ಬಿತ್ತು.

"ಯಾಕೋ ಸಾಲ್ದು. ಇನ್ನೂ ಎಳೀಬೇಕು," ಎಂದು ಮತ್ತೊಂದು ಬಾಣ ಹೂಡಿದರು. ಹೆದೆ ಕೆನ್ನೆ ದಾಟಿ ಕಿವಿಯ ಕಡೆ ಹೊರಟಿತು. ಪರಮಾನಂದನಿಗೆ 'ಟಿಕ್' ಎಂದು ಕೇಳಿಸಿತು. ಆ ಬಿರುಕು ಈಗ ಶ್ಯಾಮಣ್ಣನವರ ಕಣ್ಣಿನ ನೇರಕ್ಕಿತ್ತು.

"ಅಣ್ಣಾರ, ಎಳೀಬ್ಯಾಡ್ರಿ. ಇಳಸ್ರಿ."

"ಯಾಕೋ? ವಾಪಸ್ ಕೊಡೋಕೆ ವಟ್ಟೆ ಉರೀತದಾ?"

"ಮುರಿತದ್ರಿ ಅದು." ಅವನು ಹೋಗಿ ಅವರ ಕೈಯನ್ನೇ ಹಿಡಿದುಕೊಂಡ. "ಕೆಟ್ಟದ. ನಾನ ಕೆಡಿಸೀನಿ. ಪೂಜಿ ದಿನ ಹೆದಿ ಏರಿಸಿಟ್ಟು ಊರಿಗಿ ಹೋದೆ. ಬಂದು ನೋಡಿದ್ರ ಶೀಟಿನ ಕಾವಿಗಿ ಕಸುವ ಇಲ್ಲ ಅದ್ರಾಗ. ಸಣ್ಣ ಹುಡುಗ್ರೂ ಎಳೀತಾರ."

ಕೊನೆಯ ಮಾತು ಬೇಡವಾಗಿತ್ತು. ಅದು ಬಾಯಿಂದ ಬಿದ್ದಮೇಲೆ ಅವನಿಗೆ ತಿಳಿಯಿತು.

ಶ್ಯಾಮಣ್ಣ ಬಿಲ್ಲನ್ನು ನೋಡಲಿಲ್ಲ. ತಮ್ಮ ಬಲಗೈಯನ್ನು ನೋಡಿಕೊಂಡರು.

"ಅಂಗಾದ್ರೆ ನನ್ ಕೈ?"

ಚಿಕ್ಕಮುನಿಯಮ್ಮ ಎತ್ತಿದ ಕೈಗಳನ್ನು ಮಡಿಲಿಗೆ ಇಳಿಸಿಕೊಂಡು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. ಗೋಡೌನಿನ ಆಚೆ ಯಾವುದೋ ಲಾರಿ ರಿವರ್ಸ್ ತೆಗೆದುಕೊಳ್ಳುತ್ತ ಕುಂಯ್‌ಗುಡುತ್ತಿತ್ತು.

ಶ್ಯಾಮಣ್ಣ ಕೇಳಿದರು: "ಆ ಶೀಟಿನ್ ಮನೆ ಅಷ್ಟ್ ಕಾಯ್ತದಾ?"

"ಕಾಯ್ತದ್ರಿ."

"ಸೋರ್ತದೆ ಅಂತಿದ್ದೆ."

"ಸೋರೂದೂ ಅದ."

ಶ್ಯಾಮಣ್ಣ ಬಿಲ್ಲಿನ ಕೆಳತುದಿಯನ್ನು ಚಪ್ಪಲಿಗೆ ಒತ್ತಿ ಹೆದೆ ಇಳಿಸಲು ನೋಡಿದರು. ಬಲಗೈ ಸಾಲಲಿಲ್ಲ. ಇನ್ನೊಮ್ಮೆ ನೋಡಿದರು. ಪರಮಾನಂದ ಕೇಳದೆಯೇ ಹತ್ತಿರ ಹೋಗಿ ಬಿಲ್ಲಿನ ಬೆನ್ನನ್ನು ಒತ್ತಿ ಹಿಡಿದ. ಶ್ಯಾಮಣ್ಣ ಎಡಗೈಯಿಂದ ದಾರದ ಕುಣಿಕೆ ಜಾರಿಸಿದರು. ಹೆದೆ ಸಡಿಲಾಗಿ ಕೆಳಗೆ ಜೋತುಬಿತ್ತು. ಬಿಲ್ಲು ಮಾತ್ರ ಬಾಗಿಯೇ ಇತ್ತು.