ಕೂತಲ್ಲಿಂದಲೇ ‘ಬರ್ರಿ, ಕೂಡ್ರಿ’

೨೦೨೩ರಲ್ಲಿ ನಾನು ರಾಯಬಾಗದಿಂದ ಗಡಿಯಾಚೆಯ ಜಂಕ್ಷನ್‌ವರೆಗೆ ಪ್ಯಾಸೆಂಜರ್ ಗಾಡಿಯಲ್ಲಿ ಟಿಕೆಟ್ ತಪಾಸಣೆಯ ಕೆಲಸದಲ್ಲಿದ್ದೆ. ನೌಕರಿಗೆ ಸೇರಿ ಎರಡನೆಯ ವರ್ಷ. ಊರು ಅಥಣಿ ತಾಲ್ಲೂಕಿನ ಅನಂತಪುರ. ನಮ್ಮೂರಿಗೆ ರೈಲಿಲ್ಲ. ಹಾಗಾಗಿ ರಾಯಬಾಗದಲ್ಲಿ ಗೊಬ್ಬರದಂಗಡಿಯ ಮೇಲಿನ ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಬೆಳಿಗ್ಗೆ ಗಾಡಿಯಲ್ಲಿ ಹೋಗುವುದು, ಹಗಲು ಜಂಕ್ಷನ್‌ನಲ್ಲಿ ತಪಾಸಣೆ, ಸಂಜೆ ಗಾಡಿಯಲ್ಲಿ ವಾಪಸು.

ಶಾಲೆಯಿಂದಲೂ ನನಗೆ ದಿನಚರಿ ಬರೆಯುವ ರೂಢಿ. ಟಿಕೆಟ್ ಇಲ್ಲದವರು ಎಷ್ಟು ಮಂದಿ, ತಪ್ಪು ಬೋಗಿಯಲ್ಲಿ ಕೂತವರು ಎಷ್ಟು, ಗಾಡಿ ಎಷ್ಟು ತಡ ಎಂದು ತಾರೀಖು ಹಾಕಿ ಬರೆಯುತ್ತಿದ್ದೆ. ನೌಕರಿಯ ಮೊದಲ ಚಳಿಗಾಲದಲ್ಲಿ ಅದಕ್ಕೆ ‘ಮಾತು’ ಎಂಬ ಒಂದು ಕಾಲಂ ಸೇರಿಸಿದೆ. ಟಿಕೆಟ್ಟಿನ ವಿಷಯ ಬಿಟ್ಟು ಬೇರೆ ಏನಾದರೂ ನನ್ನ ಜೊತೆ ಮಾತಾಡಿದವರ ಲೆಕ್ಕ ಅದು. ಟಿ.ಸಿ. ಬೋಗಿಗೆ ಕಾಲಿಟ್ಟರೆ ನಡೆಯುತ್ತಿದ್ದ ಮಾತು ನಿಂತುಬಿಡುತ್ತದೆ. ಜನ ಜೇಬಿಗೆ ಕೈ ಹಾಕುತ್ತಾರೆ, ಇಲ್ಲವೇ ಕಿಟಕಿಯ ಕಡೆ ತಿರುಗುತ್ತಾರೆ. ಆ ಮಾರ್ಗದಲ್ಲಿ ಹೆಣ್ಣು ಟಿ.ಸಿ. ನಾನೊಬ್ಬಳೇ. ಕಾಲಂನಲ್ಲಿ ಹೆಚ್ಚಿನ ದಿನ ಸೊನ್ನೆ, ಕೆಲವು ದಿನ ಒಂದು. ಆ ಒಂದು ಬಹುಮಟ್ಟಿಗೆ ಶ್ರೀಕಾಂತ ಕಾಕಾ.

ಕಾಕಾ ನಮ್ಮ ಹಿರಿಯ ಟಿ.ಸಿ. ನಿವೃತ್ತಿಗೆ ಹತ್ತಿರ ಬಂದಿದ್ದರು. ರಸೀದಿ ಬರೆಯುವುದರಿಂದ ಹಿಡಿದು ಕುಡಿದವನ ಜೊತೆ ದನಿ ಏರಿಸದೆ ಮಾತಾಡುವವರೆಗೆ ನನಗೆ ಕಲಿಸಿದ್ದೆಲ್ಲ ಅವರೇ. ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚಿದರೆ, ನನ್ನನ್ನು ಕೇಳದೆ ಎರಡು ಜೋಳದ ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿ ಇಟ್ಟು ನನ್ನ ಮುಂದೆ ಸರಿಸುತ್ತಿದ್ದರು. “ತಿನ್ನ ಬೇ ತಂಗಿ. ಗಾಳಿಗೆ ಹಾರಿ ಹೋದಿ ಅಂದ್ರ ನಿನ್ನ ರಸೀದಿ ಬುಕ್ಕಿಗೆ ಯಾರ ಜವಾಬ?” ಎನ್ನುತ್ತಿದ್ದರು. ಜಂಕ್ಷನ್‌ನಲ್ಲಿ ನನ್ನನ್ನು ‘ಮೇಡಂ’ ಎನ್ನದವರು ಅವರೊಬ್ಬರೇ.

ಇನ್ನು ಆ ಬೋಗಿಯ ವಿಷಯ. ಫಸ್ಟ್ ಕ್ಲಾಸ್ ಬೋಗಿಗಳು ಈಗ ಹೆಚ್ಚಿನ ಗಾಡಿಗಳಲ್ಲಿ ಕಾಣುವುದಿಲ್ಲ. ನಮ್ಮ ಗಾಡಿಗೆ ಆಗ ಒಂದು ಹಳೆಯ ಬೋಗಿ ಉಳಿದಿತ್ತು. ಒಂದು ಪಕ್ಕದಲ್ಲಿ ಉದ್ದಕ್ಕೆ ಓಣಿಯಂಥ ದಾರಿ, ಇನ್ನೊಂದು ಪಕ್ಕದಲ್ಲಿ ಸರಿಸುವ ಬಾಗಿಲಿನ ನಾಲ್ಕು ಕೋಣೆ, ಒಂದೊಂದರಲ್ಲಿ ಆರು ಜನರಿಗೆ ಜಾಗ. ಸಂಜೆ ಜಂಕ್ಷನ್ ಬಿಡುವಾಗ ಮೂರು ಕೋಣೆಗಳಲ್ಲಿ ತಿಂಗಳ ಪಾಸಿನವರು ತುಂಬಿರುತ್ತಿದ್ದರು: ಸಕ್ಕರೆ ಕಾರ್ಖಾನೆಯ ಗುಮಾಸ್ತರು, ದ್ರಾಕ್ಷಿ ವ್ಯಾಪಾರಿಗಳು, ಒಬ್ಬಿಬ್ಬರು ವಕೀಲರು. ನಾಲ್ಕನೆಯದು ನಮ್ಮ ಸಿಬ್ಬಂದಿಯದು. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಕೆಲಸ ಮುಗಿಸಿ ಮನೆಗೆ ಹೋಗುವ ಐದಾರು ಜನ ಅಲ್ಲಿ ಕೂತು, ಮೊಣಕಾಲ ಮೇಲೆ ಬ್ಯಾಗಿಟ್ಟು ಇಸ್ಪೀಟು ಆಡುತ್ತಿದ್ದರು. ಕಾಕಾನ ಡ್ಯೂಟಿ ಜಂಕ್ಷನ್‌ನಲ್ಲೇ ಮುಗಿಯುತ್ತಿತ್ತು. ಅವರೂ ಅಲ್ಲೇ, ಕಿಟಕಿ ಪಕ್ಕ. ಹೊರಗೆ ಓಣಿಯಲ್ಲಿ ಕಾಲಿಡಲು ಜಾಗವಿರದಷ್ಟು ಜನ.

ನನಗೆ ಕಲಿಸಿದ ನಿಯಮ ಸರಳವಾಗಿತ್ತು. ಡ್ಯೂಟಿ ಪಾಸಿನವರು, ಅಂದರೆ ಪುಕ್ಕಟೆ ಓಡಾಡುವ ನಮ್ಮಂಥ ಸಿಬ್ಬಂದಿ, ಸೀಟು ಖಾಲಿ ಇದ್ದರೆ ಕೂರಬಹುದು. ಹಣ ಕೊಟ್ಟ ಪ್ರಯಾಣಿಕರು ನಿಂತಿದ್ದರೆ ಎದ್ದು ಜಾಗ ಬಿಡಬೇಕು. ನಮ್ಮವರು ಈ ನಿಯಮವನ್ನು ಮುರಿಯುತ್ತಿರಲಿಲ್ಲ, ಅಥವಾ ಮುರಿಯುತ್ತಿಲ್ಲ ಎಂದೇ ನಂಬಿದ್ದರು. ಫಸ್ಟ್ ಕ್ಲಾಸ್ ಪಾಸಿನವರು ಯಾರಾದರೂ ಬಾಗಿಲಲ್ಲಿ ಬಂದು ನಿಂತರೆ ಎಲ್ಲರೂ ಒಂದೇ ದನಿಯಲ್ಲಿ “ಬರ್ರಿ, ಕೂಡ್ರಿ” ಅನ್ನುತ್ತಿದ್ದರು. ಕೂತಲ್ಲಿಂದಲೇ. ನಿಂತವರು “ಇರ್ಲಿ ಬಿಡ್ರಿ, ಇಲ್ಲೇ ಇಳಿಯೂದೈತಿ” ಅನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು. ಇಸ್ಪೀಟಿನ ಎಲೆ ಮತ್ತೆ ಬೀಳುತ್ತಿತ್ತು.

ನಮ್ಮ ಭಾಗದವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲಿ ಯಾರೇ ‘ಚಾ ಕುಡೀರಿ’ ಎಂದರೂ ಮೊದಲ ಮಾತಿಗೆ ‘ಹೂಂ’ ಅನ್ನುವುದು ಮರ್ಯಾದೆಯಲ್ಲ. ಒಲ್ಲೆ ಎನ್ನಬೇಕು. ಮನೆಯವರು ಆ ಒಲ್ಲೆಯನ್ನು ಕಿವಿಗೇ ಹಾಕಿಕೊಳ್ಳದೆ ಕಪ್ಪು ತಂದು ಕೈಗೆ ಕೊಡಬೇಕು. ನಮ್ಮವ್ವ ಬಂದವರನ್ನು ಊಟಕ್ಕೆ ಕೇಳುವುದೇ ಇಲ್ಲ, ತಾಟು ಇಟ್ಟುಬಿಡುತ್ತಾಳೆ. ಗಾಡಿಯಲ್ಲಿ ಈ ರೂಢಿಯ ಮೊದಲರ್ಧ ಮಾತ್ರ ನಡೆಯುತ್ತಿತ್ತು.

ಸುಲೋಚನಾಬಾಯಿಯವರನ್ನು ನಾನು ಕಂಡದ್ದು ಆ ಓಣಿಯಲ್ಲಿ. ರಾಯಬಾಗದ ಜೈನರ ಮನೆತನ, ಗಂಡನದು ಬಟ್ಟೆ ಅಂಗಡಿ. ವಯಸ್ಸು ಐವತ್ತರ ಆಚೀಚೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದರು. ಎಡಗೈಯನ್ನು ಸದಾ ಸೆರಗಿನಲ್ಲಿ ಮುಚ್ಚಿಕೊಂಡು, ಬಲಗೈಯಿಂದ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು. ಮೊದಲ ದಿನ ನಾನು ಪಾಸು ನೋಡಿ ಹಿಂದಿರುಗಿಸಿದಾಗ ಅವರು ಕೇಳಿದ್ದು, “ಊಟಾ ಆತೇನವಾ?” ಅಂದು ಕಾಲಂನಲ್ಲಿ ಎರಡು ಎಂದು ಬರೆದೆ.

ಫಸ್ಟ್ ಕ್ಲಾಸ್ ಪಾಸಿದ್ದೂ ಅವರು ಕೂತದ್ದನ್ನು ಸಂಜೆ ನಾನು ಎಂದೂ ನೋಡಲಿಲ್ಲ. ನಾಲ್ಕನೆಯ ಕೋಣೆಯವರು ದಿನವೂ ಕರೆಯುತ್ತಿದ್ದರು, ಅವರು ದಿನವೂ ಒಲ್ಲೆ ಎನ್ನುತ್ತಿದ್ದರು. ನಿಲ್ಲುವುದೇ ಅವರಿಗೆ ಸೇರುತ್ತದೇನೋ ಎಂದುಕೊಂಡಿದ್ದೆ.

ಕಬ್ಬು ಕಡಿಯಲು ಶುರುವಾದ ಹೊತ್ತಿನಲ್ಲಿ, ಒಂದು ಸಂಜೆ ಗಾಡಿ ಶೇಡಬಾಳ ದಾಟಿದ ಮೇಲೆ ಅವರ ಪಾಸಿನ ಅವಧಿ ಮುಗಿಯುತ್ತ ಬಂದದ್ದನ್ನು ನೋಡಿ, “ಮುಂದಿಂದು ಮಾಡಸ್ರಿ, ಬಾಯಿ” ಎಂದೆ.

“ಇನ್ನ ಮಾಡ್ಸಾಂಗಿಲ್ಲವಾ.”

“ಯಾಕ್ರಿ?”

ಅವರು ಸೆರಗು ಸ್ವಲ್ಪ ಸರಿಸಿದರು. ಮೊಣಕೈ ಕೆಳಗೆ ಪಟ್ಟಿ, ಅದರ ಸುತ್ತ ಉಬ್ಬಿದ ನರ. ಡಯಾಲಿಸಿಸ್. ಮೂತ್ರಪಿಂಡ ಕೆಲಸ ನಿಲ್ಲಿಸಿದವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಶುದ್ಧ ಮಾಡುವ ಚಿಕಿತ್ಸೆ. ಅದಾದ ಮೇಲೆ ಮೈಯಲ್ಲಿ ಕಸುವು ಉಳಿಯುವುದಿಲ್ಲ, ಕಣ್ಣಿಗೆ ಕತ್ತಲೆ ಬರುತ್ತದೆ.

“ನಿಂತ ಬರಾಕ ಆಗವಲ್ದು. ಮುಂದಿನ ತಿಂಗಳಿಂದ ವಾರಕ್ಕ ಒಂದ ಸರ್ತಿ, ಯಾರದರ ಗಾಡಿ ಸಿಕ್ಕಾಗ ಹೋಗ್ತೀನಿ.”

“ಡಾಕ್ಟರು ಏನಂತಾರ್ರಿ?”

“ಅವರ ಬೈತಾರ. ಅವರೇನ ಈ ಗಾಡ್ಯಾಗ ಬರ್ತಾರನ?” ಎಂದು ನಕ್ಕರು.

ವಾರಕ್ಕೆ ಮೂರರ ಬದಲು ಒಂದು ಎಂದರೆ ಏನಾಗುತ್ತದೆ ಎಂಬುದು ನನ್ನಂಥವಳಿಗೂ ತಿಳಿಯುತ್ತಿತ್ತು. “ನಮ್ಮವರಿಗೆ ಹೇಳ್ತೀನಿ, ಆರಾಮಿಲ್ಲ ಅಂತ. ಎದ್ದ ಜಾಗಾ ಕೊಡ್ತಾರ” ಎಂದೆ. ಅವರು ಸೆರಗನ್ನು ಮತ್ತೆ ಕೈ ಮೇಲೆ ಎಳೆದುಕೊಂಡರು.

“ಅದೊಂದ ಮಾಡಬ್ಯಾಡ. ರೋಗಾ ತೋರಿಸಿ ಜಾಗಾ ಬೇಡಾಕ ನಾ ಏನ ಬಿಟ್ಟಿ ಬಂದೀನೇನ? ತಿಕೀಟ ತಗೊಂಡೀನಿ. ಅಂಗಡಿ ತನಕ ಸುದ್ದಿ ಹೋದ್ರ ಎಲ್ಲಾರೂ ನನ್ನ ನೋಡಾಕ ಬರ್ತಾರ, ಅರವಿ ನೋಡಾಕ ಯಾರೂ ಬರಾಂಗಿಲ್ಲ.”

“ಹಂಗಾರ ಅವರು ಕೂಡ್ರಿ ಅಂದಾಗ ಕೂಡಬೇಕಲ್ರೀ?”

“ಕುಂತವರ ತೊಡಿ ಮ್ಯಾಲೆ ಕೂಡ್ಲೇನವಾ?”

ಆ ರಾತ್ರಿ ದಿನಚರಿಯಲ್ಲಿ ಈ ಒಂದು ಸಾಲು ಮಾತ್ರ ಬರೆದೆ.

ಮರುದಿನ ಊಟದ ಹೊತ್ತಿಗೆ, ರೋಗದ ಮಾತೆತ್ತದೆ, ಕಾಕಾನಿಗೆ ಹೇಳಿದೆ. ಆ ಬಾಯಿಯವರಿಗೆ ಜಾಗ ಬಿಡಬೇಕು ಎಂದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

“ದಿನಾ ಕರೀತೀನಲಾ! ಆಕಿನ ಒಲ್ಲೆ ಅಂತಾಳ. ಕೈ ಹಿಡದ ಎಳದ ಕುಂದ್ರಸ್ಲೇನ? ನಿಮ್ಮ ಕಾಕು ನನ್ನ ಮನ್ಯಾಗ ಸೇರಸ್ಬೇಕಲಾ ಆಮ್ಯಾಲ.”

ಕಾಕು ಎಂದರೆ ಅವರ ಹೆಂಡತಿ. ಎಲ್ಲರೂ ನಕ್ಕರು. ಕಾಕಾ ಸುಳ್ಳು ಹೇಳಿರಲಿಲ್ಲ. ಅವರು ಕೆಟ್ಟವರೂ ಅಲ್ಲ. ಹಗಲೆಲ್ಲ ಪ್ಲಾಟ್‌ಫಾರಂ ಮೇಲೆ ನಿಂತು ಅವರ ಮೊಣಕಾಲು ಸಂಜೆಗೆ ಬಾತಿರುತ್ತಿತ್ತು. ನನ್ನ ಮುಂದೆ ರೊಟ್ಟಿ ಸರಿಸಿಯೇ ಈ ಮಾತು ಹೇಳಿದ್ದರು.

ಪಾಸಿನ ಕೊನೆಯ ದಿನ ಬಂತು. ಜಂಕ್ಷನ್ ಬಿಟ್ಟಾಗಲೇ ಓಣಿ ತುಂಬಿತ್ತು. ಸುಲೋಚನಾಬಾಯಿ ನಾಲ್ಕನೆಯ ಕೋಣೆಯ ಬಾಗಿಲಿನ ಎದುರು ಸರಳಿಗೆ ಹಣೆ ಹಚ್ಚಿ ನಿಂತಿದ್ದರು. ಒಳಗಿನಿಂದ ಎಂದಿನಂತೆ ದನಿ ಬಂತು, “ಬರ್ರಿ ಬಾಯಿ, ಕೂಡ್ರಿ.” ಅವರೂ ಎಂದಿನಂತೆ “ಇರ್ಲಿ ಬಿಡ್ರಿ” ಎಂದರು. ಕಾಕಾ ನನ್ನ ಕಡೆ ನೋಡಿದರು. ನೋಡಿದಿಯಲಾ, ಎಂಬಂತೆ.

ನಾನು ಒಳಗೆ ಹೋದೆ. “ಕಾಕಾ, ಮೊದಲ ಏಳ್ರಿ. ಎದ್ದ ಮ್ಯಾಲೆ ಕೂಡ್ರಿ ಅನ್ರಿ.”

“ಬಾಜಿ ಮುಗೀಲಿ ತಡಿಯಲಾ, ಚಲೋ ಎಲಿ ಬಂದಾವ,” ಎಂದರು. ಪಕ್ಕದವರೊಬ್ಬರು, “ಮೇಡಂ ಇವತ್ತ ನಮಗೂ ದಂಡಾ ಹಾಕಾವ್ರ ಕಾಣ್ತೈತಿ” ಎಂದರು. ಮತ್ತೆ ನಗೆ.

ನಾನು ಕೈ ಚಾಚಿದೆ. “ಡ್ಯೂಟಿ ಪಾಸ್ ತೋರಸ್ರಿ.”

ಹೊರಗಿನವರಿಗೆ ಇದು ದೊಡ್ಡ ಮಾತೆನಿಸಲಿಕ್ಕಿಲ್ಲ. ನಮ್ಮಲ್ಲಿ ಒಬ್ಬ ಟಿ.ಸಿ. ಇನ್ನೊಬ್ಬರ ಪಾಸು ಕೇಳುವುದಿಲ್ಲ. ಅದರಲ್ಲೂ ಕಿರಿಯರು, ತಮಗೆ ಕೆಲಸ ಕಲಿಸಿದವರನ್ನು, ಪ್ರಯಾಣಿಕರ ಎದುರು ಕೇಳುವುದಿಲ್ಲ. ಎಲೆಗಳು ಕೈಯಲ್ಲೇ ನಿಂತವು. ಕಾಕಾ ಎಲೆಗಳನ್ನು ಬ್ಯಾಗಿನ ಮೇಲೆ ಕವಚಿ ಇಟ್ಟು, ಜೇಬಿನಿಂದ ಪಾಸು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಹೆಸರು, ಅವಧಿ ಎರಡನ್ನೂ ಓದಿ ವಾಪಸು ಕೊಟ್ಟೆ.

“ಹಣಾ ಕೊಟ್ಟವರು ನಿಂತಾರ್ರಿ. ಜಾಗಾ ಬಿಡ್ರಿ.”

“ಆತ್ರಿ ಮೇಡಂ” ಎಂದು ಅವರು ಎದ್ದರು. ಅವರ ಬಾಯಿಂದ ‘ಮೇಡಂ’ ಕೇಳಿದ್ದು ಅದೇ ಮೊದಲು.

ಕಿಟಕಿ ಪಕ್ಕದ ಜಾಗ ಖಾಲಿಯಾಯಿತು. ಸುಲೋಚನಾಬಾಯಿ “ಇರ್ಲಿ ಬಿಡ್ರಿ” ಎನ್ನಲು ಬಾಯಿ ತೆರೆದವರು, ಖಾಲಿ ಸೀಟು ನೋಡಿ ಸರಳು ಬಿಟ್ಟರು. ಒಳಗೆ ಬಂದು ಕೂತರು. ಉಗಾರ ಬರುವ ಮೊದಲೇ ನಿದ್ದೆ ಹತ್ತಿತ್ತು. ರಾಯಬಾಗದಲ್ಲಿ ನಾನೇ ಎಬ್ಬಿಸಿದೆ. ಅವರು ಇಳಿದು, ಸ್ಕೂಟರ್ ಹಿಡಿದು ನಿಂತಿದ್ದ ಗಂಡನಿಗೆ ಹೇಳಿದ್ದು ನನಗೆ ಕೇಳಿಸಿತು: “ನಾಳೆ ಹೊಸಾ ಪಾಸ ಮಾಡಸೂದೈತಿ, ಬರೂ ಮುಂದ ಪೋಟೋ ತರ್ರಿ.”

ಅವರು ವಾರಕ್ಕೆ ಮೂರು ದಿನ ಬರುವುದನ್ನು ಬಿಡಲಿಲ್ಲ. ನನ್ನ ಜೊತೆ ಬಿಟ್ಟವರು ಬೇರೆ.

ಮಾರನೆಯ ದಿನ ಆಫೀಸಿನಲ್ಲಿ ಕಾಕಾ ಡಬ್ಬಿ ಬಿಚ್ಚಿದರು. ನನ್ನನ್ನು ನೋಡಿ, “ಬರ್ರಿ ಮೇಡಂ, ಊಟಾ ಮಾಡ್ರಿ” ಎಂದರು. ರೊಟ್ಟಿ ಡಬ್ಬಿಯಲ್ಲೇ ಇತ್ತು. ಉಳಿದವರೂ “ಬರ್ರಿ, ಬರ್ರಿ” ಎಂದರು. ಯಾರೂ ಸರಿದು ಬೆಂಚಿನಲ್ಲಿ ಜಾಗ ಮಾಡಲಿಲ್ಲ. ನಾನು, “ಇರ್ಲಿ, ನಿಮ್ದ ನಡೀಲಿ” ಎಂದೆ. ಹೊರಗೆ ನೀರಿನ ನಲ್ಲಿಯ ಹತ್ತಿರದ ಕಟ್ಟೆಯ ಮೇಲೆ ಕೂತು ತಂದದ್ದನ್ನು ತಿಂದೆ. ಒಬ್ಬರೂ ಒರಟಾಗಿ ಮಾತಾಡಲಿಲ್ಲ. ದೂರು ಹೇಳಲು ಏನೂ ಇರಲಿಲ್ಲ. ದಿನವೂ ಕರೆದರು, ದಿನವೂ ನಾನು ಒಲ್ಲೆ ಎಂದೆ. ಇಂಥ ಕರೆಯುವಿಕೆಯನ್ನು ‘ಮಾತು’ ಕಾಲಂನಲ್ಲಿ ಎಣಿಸಬೇಕೋ ಬೇಡವೋ ಎಂದು ಯೋಚಿಸಿ, ಎಣಿಸಲಿಲ್ಲ. ಸುಲೋಚನಾಬಾಯಿ ಸಂಜೆ, ಈಗ ಅವರಿಗೆಂದೇ ಬಿಡುತ್ತಿದ್ದ ಸೀಟಿನಲ್ಲಿ, ನಿದ್ದೆ ಹೋಗುತ್ತಿದ್ದರು. ಅವರು ಮಲಗಲಿ ಎಂದೇ ನಾನು ಅಷ್ಟು ಮಾಡಿದ್ದು. ಹಾಗಾಗಿ ಅವರ ಮಾತೂ ಕಡಿಮೆಯಾಯಿತು.

ದ್ರಾಕ್ಷಿಯ ಸುಗ್ಗಿ ಮುಗಿಯುತ್ತ ಬಂದಾಗ ಒಂದು ಸಂಜೆ, ಜಂಕ್ಷನ್ ಬಿಟ್ಟ ಮೇಲೆ ಬರುವ ವಿಜಯನಗರ ಎಂಬ ಸಣ್ಣ ನಿಲ್ದಾಣದಲ್ಲಿ ಕಾಗವಾಡ ಕಡೆಯ ಒಬ್ಬ ಯುವಕ ಹತ್ತಿದ. ಗಟ್ಟಿಮುಟ್ಟಾದವ, ಕೈಯಲ್ಲಿ ಫಸ್ಟ್ ಕ್ಲಾಸ್ ಟಿಕೆಟ್. ನಾಲ್ಕನೆಯ ಕೋಣೆಯ ಬಾಗಿಲಲ್ಲಿ ನಿಂತ. ಯಾರೂ ‘ಬರ್ರಿ’ ಅನ್ನುವ ಮೊದಲು ಕಾಕಾ ಎದ್ದರು. ಒಂದು ಮಾತೂ ಆಡದೆ ಅವನನ್ನು ದಾಟಿ ಓಣಿಗೆ ಬಂದು, ಮೊಣಕಾಲು ಮಡಚಿ ಬಿಚ್ಚಿ, ನಾನು ನಿಂತಿದ್ದ ಕಿಟಕಿಯ ಇನ್ನೊಂದು ಬದಿಗೆ ನಿಂತರು. ರಾಯಬಾಗದವರೆಗೆ ಇಬ್ಬರೂ ಕಬ್ಬು ಕಡಿದ ಹೊಲಗಳನ್ನು ನೋಡುತ್ತ ಬಂದೆವು.

ಈ ನೌಕರಿ ನನಗೆ ಕಲಿಸಿದ್ದು ಇಷ್ಟು: ಜಾಗ ಬಾಯಿಂದ ಕೊಡಲು ಬರುವುದಿಲ್ಲ. ಕೊಡುವವರು ಮೊದಲು ಏಳಬೇಕು. ಕರೆಯುವುದು ಬೇಕಾದರೆ ಆಮೇಲೆ, ಕರೆಯದಿದ್ದರೂ ನಡೆಯುತ್ತದೆ. ಇದು ಕಾಕಾನಿಗೆ ಮಾತ್ರ ಹೇಳಿದ ಪಾಠವಲ್ಲ ಎಂಬುದು ನನಗೆ ಹೊಳೆದದ್ದು ಆ ಕಿಟಕಿಯ ಹತ್ತಿರ. ನಲ್ಲಿಕಟ್ಟೆಯ ಮೇಲೆ ಕೂತಲ್ಲಿಂದಲೇ ನಾನೂ ಯಾರಾದರೂ ಬರಲಿ ಎಂದು ಕಾಯುತ್ತಿದ್ದೆ.

ಮರುದಿನ ನಸುಕಿನಲ್ಲಿ ಎದ್ದು ಎರಡು ರೊಟ್ಟಿ ಹೆಚ್ಚು ಬಡಿದೆ. ಮಧ್ಯಾಹ್ನ ಒಳಗೆ ಹೋಗಿ, ಯಾರನ್ನೂ ಕೇಳದೆ, ಎರಡನ್ನು ಕಾಕಾನ ಡಬ್ಬಿಯ ಮುಚ್ಚಳದ ಮೇಲೆ ಇಟ್ಟು ನಿಂತೆ. ಅವರು ರೊಟ್ಟಿ ನೋಡಿದರು. ನನ್ನ ಕಡೆ ನೋಡಲಿಲ್ಲ. ಒಂದನ್ನು ಮುರಿದು ತಿನ್ನತೊಡಗಿದರು. ಸ್ವಲ್ಪ ಹೊತ್ತಿಗೆ, ತಿನ್ನುತ್ತಲೇ, ಬೆಂಚಿನ ಮೇಲೆ ಅತ್ತ ಸರಿದರು. ನಾನು ಕೂತೆ.

ಅಂದು ದಿನಚರಿಯ ಎಲ್ಲ ಕಾಲಂ ತುಂಬಿದ ಮೇಲೆ ‘ಮಾತು’ ಉಳಿಯಿತು. ಯಾರೂ ಮಾತಾಡಿರಲಿಲ್ಲ. ಸೊನ್ನೆ ಎಂದೇ ಬರೆದೆ.