ಗಂಡನ ಕುರ್ಚಿಯಲ್ಲಿ ಅತ್ತೆ

"ಅಮ್ಮಾ, ಟೈಲರ್ ಆಂಟಿಗೆ ಹುಚ್ಚಾ?"

ಮಗಳು ಇದನ್ನು ಕೇಳಿದ್ದು ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು. ಯಾರು ಹೇಳಿದರು ಎಂದರೆ, "ಅವರತ್ತೆ. ಹುಚ್ಚರ ಡಾಕ್ಟರ್ ಹತ್ರ ಹೋಗ್ತಾಳೆ ಅಂತ ಮೆಟ್ಟಿಲ ಹತ್ರ ಎಲ್ಲರಿಗೂ ಹೇಳ್ತಿದ್ರು" ಅಂದಳು. ನನಗೆ ಮೈಯೆಲ್ಲ ಉರಿಯಿತು. ಹುಚ್ಚಲ್ಲ ಪುಟ್ಟಿ, ಹೆದರಿಕೆಗೂ ಡಾಕ್ಟರ್ ಇರುತ್ತಾರೆ ಎಂದು ಬಾಯಿ ತೊಳೆಸಿ ಶಾಲೆಗೆ ಕಳಿಸಿದೆ. ಅವಳ ಇನ್ನೊಂದು ಯೂನಿಫಾರ್ಮಿನ ಅಂಚು ಬಿಚ್ಚಿಸುವ ನೆಪ ಮಾಡಿಕೊಂಡು ಕೆಳಗಿಳಿದೆ.

ಕೆಳಮನೆಯ ಮುಂದಿನ ಕೋಣೆಯೇ ಮಗಳ ಟೈಲರ್ ಆಂಟಿಯ ಅಂಗಡಿ. ಮದುವೆಯಾಗಿ ಬಂದು ಏಳು ವರ್ಷ. ಬೀದಿಯ ಹೆಂಗಸರ ಅಳತೆಯೆಲ್ಲ ಬಾಯಿಪಾಠ. ಯಾರು ಬಸುರಿ ಎನ್ನುವುದು ಗಂಡಂದಿರಿಗಿಂತ ಮೊದಲು ಇವಳ ಟೇಪಿಗೆ ತಿಳಿಯುತ್ತದೆ. "ಅಕ್ಕಾ, ಇದು ಊಟ ಜಾಸ್ತಿಯಾದ ಹೊಟ್ಟೆಯಲ್ಲ" ಎಂದು ನನ್ನದನ್ನೂ ಅವಳೇ ಕಂಡುಹಿಡಿದಿದ್ದಳು. ಅವಳಿಗೆ ಮಾತ್ರ ನಾವೆಲ್ಲ ಕೇಳಿದ್ದು ಒಂದೇ: "ಇನ್ನೂ ಇಲ್ವಾ?" ನಾನೂ ಕೇಳಿದ್ದೆ. ಈಗ ನಾಚಿಕೆಯಾಗುತ್ತದೆ.

ಇಂದು ತಾನಾಗಿಯೇ ಹೇಳಿದಳು. ಗಂಡ ಹತ್ತಿರ ಬಂದರೆ, ಮನಸ್ಸಿಗೆ ಬೇಕಿದ್ದರೂ ಮೈ ಕಲ್ಲಾಗಿಬಿಡುತ್ತದೆ, ತಡೆಯಲಾರದ ನೋವು. ಏಳು ವರ್ಷದಲ್ಲಿ ಒಮ್ಮೆಯೂ ಕೂಡಲು ಆಗಿಲ್ಲ. ಅತ್ತೆ ಬಂಜೆ ಎನ್ನುವಾಗ ಗಂಡ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬಳೇ ಆಸ್ಪತ್ರೆಗೆ ಹೋದಳು. ಮೈಯಲ್ಲಿ ದೋಷವಿಲ್ಲ, ಇದು ಭಯ, ಬಹಳ ಜನಕ್ಕಿರುತ್ತದೆ, ವಾಸಿಯಾಗುತ್ತದೆ ಎಂದು ಡಾಕ್ಟರು ಆಪ್ತಸಲಹೆಯ ಮೇಡಂ ಬಳಿ ಕಳಿಸಿದರು. ಮೂರು ವಾರ ಉಸಿರಾಟ, ಮೈ ಸಡಿಲಿಸುವ ಅಭ್ಯಾಸ. ನಾಲ್ಕನೆಯ ವಾರ ಗಂಡನೂ ಬರಬೇಕು ಎಂದರು.

ಆ ಮಹಾರಾಯ ತನ್ನ ಬದಲಿಗೆ ಅಮ್ಮನನ್ನು ಕಳಿಸಿದ!

"ಅವರಿಗೆ ಹಾಕಿದ್ದ ಕುರ್ಚೀಲಿ ಅತ್ತೆ ಕೂತ್ರು ಅಕ್ಕಾ. ಬ್ಯಾಗು ತೊಡೆ ಮೇಲಿಟ್ಕೊಂಡು, ಬಸ್ಸಲ್ಲಿ ಸೀಟು ಹಿಡಿದ ಹಾಗೆ."

"ಮೇಡಂ ಏನಂದ್ರು?"

"'ಅಮ್ಮಾ, ಇದು ಅವರಿಬ್ಬರ ಮಾತು' ಅಂದ್ರು. 'ನನ್ನ ಮಗನ ವಿಷಯ ನನಗೆ ಗೊತ್ತಿಲ್ದೇ ಇರೋದು ಏನಿದೆ, ಅದೇನು ಕೇಳ್ಬೇಕೋ ಕೇಳಿ' ಅಂದ್ರು ಇವರು. ಮಲಗೋ ಕೋಣೆ ವಿಷಯಾನೂ!"

ನಗಲು ಹೋಗಿ ತುಟಿಯಲ್ಲಿದ್ದ ಗುಂಡುಸೂಜಿಗಳನ್ನು ಉದುರಿಸಿಕೊಂಡಳು. ಹೆಕ್ಕುತ್ತಾ, ಮುಖ ತೋರಿಸದೆ ಉಳಿದದ್ದನ್ನು ಹೇಳಿದಳು: ಅತ್ತೆ ಎರಡು ತಿಂಗಳ ಗಡುವು ಕೊಟ್ಟಿದ್ದಾರೆ. ಆಮೇಲೆ ಇವಳು ತವರಿಗೆ, ಮಗನಿಗೆ ಬೇರೆ ಹೆಣ್ಣು. ಆತ ತಲೆ ತಗ್ಗಿಸಿ ಊಟ ಮಾಡಿ ಎದ್ದನಂತೆ.

"ಅವನ ಷರಟಿನ ಎರಡು ತೋಳೂ ಸೇರಿಸಿ ಹೊಲಿದುಬಿಡೇ!" ಎಂದೆ.

"ಬೈಬೇಡಿ ಅಕ್ಕಾ. ಅವರಿಗೂ ಭಯ."

"ಅವನು ಹೆದರಿದ್ರೆ ಒಳ್ಳೇ ಮಗ, ನೀನು ಹೆದರಿದ್ರೆ ಹುಚ್ಚಿ. ಚೆನ್ನಾಗಿದೆ ನ್ಯಾಯ!"

ಅವಳು ಸೂಜಿಡಬ್ಬಿಯ ಮುಚ್ಚಳ ಹಾಕಿದಳು. "ಬೆಳಿಗ್ಗೆ ಅವರಿಗೆ ನಾನೂ ಅಂದ್ಬಿಟ್ಟೆ. ಗುರುವಾರ ನಾಲ್ಕು ಗಂಟೆಗೆ ಮೇಡಂ ಹತ್ರ ನೀವೇ ಬಂದ್ರೆ ಸರಿ. ಇಲ್ದಿದ್ರೆ ಯಾರೂ ನನ್ನ ತವರಿಗೆ ಕಳಿಸೋದು ಬೇಡ, ನಾನೇ ಬೇರೆ ಕೋಣೆ ನೋಡ್ಕೊಂಡು ಹೋಗ್ತೀನಿ ಅಂತ."

"ಏನಂದ?"

"ಅಮ್ಮನಿಗೆ ಗೊತ್ತಾಗದ ಹಾಗಾದ್ರೆ ಬರ್ತೀನಿ ಅಂದ್ರು."

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾರೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಅವತ್ತು ನಾಲ್ಕರಿಂದ ಐದೂವರೆ ತನಕ ನಮ್ಮತ್ತೇನ ನಿಮ್ಮನೇಲಿ ಕೂರಿಸ್ಕೊಳ್ತೀರಾ? ನನ್ನ ಬೈತಾರೆ, ಬೈಲಿ. ನೀವು ಜಗಳಕ್ಕೆ ಹೋಗದೆ ಸುಮ್ನೆ ಹೂಂಗುಟ್ತಾ ಇರಿ, ಸಾಕು."