ತಮ್ಮನ ಸೊಂಟಕ್ಕೆ ತಕ್ಕ ತಿರುಪು

ಗ್ಯಾರೇಜು ನಡೆಸುವ ಅಕ್ಕ ತನ್ನ ಪುಟ್ಟ ಕಾರಿನ ಸವೆದ ಶಾಕ್ ಅಬ್ಸಾರ್ಬರ್‌ಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಸೋರುತ್ತಿದ್ದ ಸೀಲು ಬದಲಿಸಿ, ಹೊಸ ಎಣ್ಣೆ ತುಂಬಿ, ಮತ್ತೆ ಸ್ಪ್ರಿಂಗಿನೊಳಗೆ ಕೂರಿಸಿದಳು. ಕಾರು ಹಳ್ಳದಿಣ್ಣೆಯಲ್ಲೂ ಬೆಣ್ಣೆಯಿಂದ ಕೂದಲು ತೆಗೆದಂತೆ ಸಾಗಿತು. ಸುದ್ದಿ ತಿಳಿದದ್ದೇ ತಡ, ಹಿಂದೆ ಅದನ್ನು ಬೇಕಾಬಿಟ್ಟಿ ಓಡಿಸಿ ಹಾಳುಮಾಡಿದ್ದ ತಮ್ಮ ಹಲ್ಲುಗಿಂಜುತ್ತ ಮತ್ತೆ ಕಾರು ಕೇಳಲು ಬಂದ. ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. "ಟೀ ಕುಡ್ಕೊಂಡು ಹೋಗು" ಎಂದು ಅವನನ್ನು ಒಳಗೆ ಕೂರಿಸಿ, ಹೊರಬಂದು, ಶಾಕ್ ಅಬ್ಸಾರ್ಬರ್‌ಗಳ ಬಿಗಿ ಹೊಂದಿಸುವ ತಿರುಪುಗಳನ್ನೆಲ್ಲ ಕೊನೆಯವರೆಗೂ ಬಿಗಿದುಬಿಟ್ಟಳು.

ಸಂಜೆ ಕಾರು ವಾಪಸ್ ತಂದ ತಮ್ಮ ಸೊಂಟ ಹಿಡಿದುಕೊಂಡೇ ಇಳಿದ.

"ಅಕ್ಕಾ, ಬಂಡೆ ಮೇಲೆ ಕೂತ ಹಾಗಿತ್ತು. ಇದು ಯಾವಾಗ ಸರಿಹೋಗತ್ತೆ?"

"ಹೊಸ ಸೀಲು, ಹೊಸ ಎಣ್ಣೆ ಅಲ್ವಾ, ಪಳಗಬೇಕು. ನೀನು ಸ್ವಂತ ಕಾರು ತಗೊಳ್ಳೋ ಹೊತ್ತಿಗೆ ಸರಿಹೋಗತ್ತೆ."

ತಮ್ಮ ಕೀಲಿಕೈ ಅವಳ ಅಂಗೈಯಲ್ಲಿಟ್ಟು, ಕುಂಟುತ್ತ ನಡೆದೇ ಮನೆಗೆ ಹೋದ.